ನಮ್ಮ ಸ್ಟೀಮ್‌ಪಂಕ್ ಮದುವೆ: ಕಾರ್ಸೆಟ್‌ನಿಂದ ಕಸ್ಟಮ್ಸ್‌ವರೆಗೆ

ಮದುವೆ ಮುಗಿದು ಇವತ್ತಿಗೆ 19 ದಿನ. ಹೆಬ್ಬೆರಳಲ್ಲಿ ಗ್ಲೂ ಗನ್ ಸುಟ್ಟ ಕಲೆ ಇನ್ನೂ ಹೋಗಿಲ್ಲ, ಸೋಫಾ ಸಂದೀಲಿ ಕೈ ಹಾಕಿದ್ರೆ ಒಂದಲ್ಲ ಒಂದು ಹಲ್ಲುಚಕ್ರ ಸಿಗುತ್ತೆ. ಮರೆತುಹೋಗೋಕೆ ಮುಂಚೆ ಎಲ್ಲಾ ಬರೆದಿಟ್ಬಿಡೋಣ ಅಂತ ಕೂತಿದೀನಿ. ಯಾಕಂದ್ರೆ ನಾವು ಶುರು ಮಾಡಿದಾಗ ಹುಡುಕಿದ್ರೆ ಸಿಕ್ಕಿದ್ದು ಬರೀ ಫೋಟೋ, ಒಂದಕ್ಕಿಂತ ಒಂದು ಚೆಂದ, ಆದ್ರೆ ಆ ಫೋಟೋಲಿ ನಿಂತಿರೋ ಹುಡುಗಿ ಕಾರಲ್ಲಿ ಹೆಂಗೆ ಕೂತ್ಲು, ಟಾಯ್ಲೆಟ್‌ಗೆ ಹೆಂಗೆ ಹೋದ್ಲು ಅಂತ ಒಬ್ರೂ ಬರ್ದಿರ್ಲಿಲ್ಲ.

ಸ್ಟೀಮ್‌ಪಂಕ್ ಅಂದ್ರೆ ಏನು ಅಂತ ಗೊತ್ತಿಲ್ದೇ ಇರೋರಿಗೆ ಒಂದೇ ಮಾತಲ್ಲಿ: ಉಗಿ ಯಂತ್ರದ ಕಾಲ ಮುಗೀದೇ ಹಂಗೇ ಮುಂದುವರೆದಿದ್ರೆ ಪ್ರಪಂಚ ಹೆಂಗಿರ್ತಿತ್ತು ಅನ್ನೋ ಕಲ್ಪನೆ. ಬಟ್ಟೆಯೆಲ್ಲ ವಿಕ್ಟೋರಿಯಾ ರಾಣಿ ಕಾಲದ್ದು, ಅಂದ್ರೆ 1837ರಿಂದ 1901ರ ತನಕ, ಅದರ ಮೇಲೆ ಹಿತ್ತಾಳೆ, ತಾಮ್ರ, ಚರ್ಮ, ಗಾಗಲ್ಸು, ಗಡಿಯಾರದ ಚಕ್ರ. ಹೆಸರು ಮಾತ್ರ ಹಳೇದಲ್ಲ, 1987ರಲ್ಲಿ ಒಬ್ಬ ಲೇಖಕ ಪತ್ರಿಕೆಗೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಹುಟ್ಟಿಸಿದ ಪದ ಅದು. ನಮ್ ಹುಡುಗನಿಗೆ ಹಳೇ ಗಡಿಯಾರ ಬಿಚ್ಚೋ ಹುಚ್ಚು, ನನಗೆ ಬಟ್ಟೆ ಹುಚ್ಚು, ಎರಡೂ ಸೇರಿ ಇದಾಯ್ತು. ಮನೇಲಿ ಹೇಳಿದಾಗ ಅಮ್ಮ, "ಏನೇ, ಮದುವೆನಾ ಇಲ್ಲ ವರ್ಕ್‌ಶಾಪಾ?" ಅಂದ್ಲು. ಅಜ್ಜಿ ಮಾತ್ರ ಗಾಗಲ್ಸ್ ಈಸ್ಕೊಂಡು ಹಾಕ್ಕೊಂಡು ನೋಡಿ, "ಇದು ನಂಗಿರ್ಲಿ" ಅಂದ್ರು. ವಾಪಸ್ ಕೊಡ್ಲಿಲ್ಲ.

ಮೊದಲ ತಪ್ಪು ಮೊದಲ ತಿಂಗಳೇ ಮಾಡಿದ್ವಿ. ಮದುವೆಗೆ ಇನ್ನೂ 11 ತಿಂಗಳಿತ್ತು, ಖುಷೀಲಿ ಕಂಡಿದ್ದೆಲ್ಲ ಕೊಂಡ್ವಿ. ಮೂರು ಥರದ ಗಾಗಲ್ಸು, 200 ಚಕ್ರ ಇರೋ ಪ್ಯಾಕೆಟ್ಟು, ಒಂದು ಚರ್ಮದ ಬೆಲ್ಟಿಗೆ ಏಳು ಬಕಲ್ಲು. ಮನೇಲಿ ಹರಡಿಕೊಂಡು ನೋಡಿದ್ರೆ ಒಂದಕ್ಕೊಂದು ಸಂಬಂಧಾನೇ ಇಲ್ಲ, ಒಂದು ಹಳದಿ ಹಿತ್ತಾಳೆ, ಒಂದು ಕೆಂಪು ತಾಮ್ರ, ಇನ್ನೊಂದು ಪ್ಲಾಸ್ಟಿಕ್ಕಿಗೆ ಬಂಗಾರದ ಪೇಂಟು. ಆಮೇಲೆ ಒಂದು ಭಾನುವಾರ ಕೂತು, ಈ ಕಲ್ಪನೆ ಲೋಕದಲ್ಲಿ ನಾವಿಬ್ರೂ ಏನು ಕೆಲ್ಸ ಮಾಡ್ತೀವಿ ಅಂತ ನಿರ್ಧಾರ ಮಾಡಿದ್ವಿ. ನಾನು ಹಾರೋ ಹಡಗಿಗೆ ನಕ್ಷೆ ಬರೆಯೋಳು, ಅವನು ಗಡಿಯಾರ ರಿಪೇರಿಯೋನು. ಕೇಳೋಕೆ ಚಿಕ್ಕ ಮಕ್ಕಳ ಆಟ, ಆದ್ರೆ ಆವತ್ತಿಂದ ಜಗಳ ಅರ್ಧಕ್ಕರ್ಧ ನಿಂತುಹೋಯ್ತು. ನಕ್ಷೆ ಬರೆಯೋಳಿಗೆ ದಿಕ್ಸೂಚಿ ಬೇಕು, ಚರ್ಮದ ನಕ್ಷೆ ಕೊಳವೆ ಬೇಕು, ಸೊಂಟದಲ್ಲಿ ಬಂದೂಕು ಯಾಕೆ? ಬೇಡ. ಟೋಪಿ ಮೇಲೆ ಸುಮ್ನೆ ಅಂಟಿಸಿದ ಚಕ್ರ ಏನು ತಿರುಗಿಸುತ್ತೆ? ಏನೂ ಇಲ್ಲ, ಕಿತ್ತಾಕು. (ಬಂದೂಕು ಬೇಡ ಅಂತ ತೀರ್ಮಾನ ಆಗೋ ಹೊತ್ತಿಗೆ ಒಂದು ಆಗಲೇ ಆರ್ಡರ್ ಆಗಿತ್ತು, ಅದರ ಕಥೆ ಮುಂದೆ ಬರುತ್ತೆ.) ಇನ್ನೊಂದು ಆವತ್ತೇ ಖಡಾಖಂಡಿತವಾಗಿ ಅಂದ್ಕೊಂಡಿದ್ದು, ಆ ಕಾಲದ ಸಾಮ್ರಾಜ್ಯದ ಸೈನ್ಯದ ಸಮವಸ್ತ್ರ, ಆಗಿನ ಬ್ರಿಟಿಷರು ಬಿಸಿಲಿಗೆ ಹಾಕ್ತಿದ್ದ ಗಟ್ಟಿ ಟೋಪಿ (ಪಿತ್ ಹೆಲ್ಮೆಟ್ಟು) ಇವು ಯಾವ್ದೂ ನಮ್ ಮದುವೇಲಿ ಇರ್ಬಾರ್ದು. ಹೊಲಿಗೆ ಚೆನ್ನಾಗಿತ್ತು ಅಂತ ಆ ಕಾಲದ ಎಲ್ಲಾನೂ ತಲೆ ಮೇಲೆ ಇಟ್ಕೊಳ್ಳೋಕಾಗಲ್ಲ.

ಬಣ್ಣ. ವಿಕ್ಟೋರಿಯನ್ ಮದುವೆ ಅಂದಮೇಲೆ ಬಿಳೀನೇ ಅಲ್ವಾ ಅಂತ ಎಲ್ರೂ ಕೇಳಿದ್ರು. ವಿಕ್ಟೋರಿಯಾ 1840ರ ಫೆಬ್ರವರಿ 10ಕ್ಕೆ ಆಲ್ಬರ್ಟ್‌ನ ಮದುವೆ ಆದಾಗ ಬಿಳಿ ಸ್ಯಾಟಿನ್ ಹಾಕಿದ್ಲು, ಇಂಗ್ಲೆಂಡಿನ ಹಾನಿಟನ್ ಅನ್ನೋ ಊರಿನ ಹೆಸರಿನ ಲೇಸಿತ್ತು, ಅಲ್ಲಿಂದಲೇ ಬಿಳಿ ಗೌನಿನ ಫ್ಯಾಷನ್ ಹಬ್ಬಿದ್ದು. ಅದಕ್ಕೆ ಮುಂಚೆ ಜನ ತಮ್ಮ ಹತ್ರ ಇದ್ದಿದ್ರಲ್ಲಿ ಒಳ್ಳೇದು ಯಾವ್ದೋ ಅದನ್ನ ಹಾಕ್ಕೊಂಡು ಮದುವೆ ಆಗ್ತಿದ್ರು, ಯಾವ ಬಣ್ಣ ಆದ್ರೂ ಸರಿ. ನಾನು ಆರಿಸಿದ್ದು ಮೋವ್, ಅದೇ ಆ ತಿಳಿ ನೇರಳೆ. 1856ರಲ್ಲಿ ವಿಲಿಯಂ ಪರ್ಕಿನ್ ಅಂತ 18 ವರ್ಷದ ಹುಡುಗ ಮಲೇರಿಯಾ ಔಷಧಿ ಕ್ವಿನೈನ್ ಮಾಡೋಕೆ ಹೋಗಿ ಕೆಡಿಸ್ಕೊಂಡು, ಆ ಗಲೀಜಲ್ಲೇ ಮೊದಲ ಕೃತಕ ನೇರಳೆ ಬಣ್ಣ ಕಂಡುಹಿಡಿದ. ಪ್ರಯೋಗ ಕೆಟ್ಟು ಹುಟ್ಟಿದ ಬಣ್ಣ, ಸ್ಟೀಮ್‌ಪಂಕ್‌ಗೆ ಇದಕ್ಕಿಂತ ಬೇಕಾ? ಅಮ್ಮನಿಗೆ ಈ ಕಥೆ ಹೇಳಿದ್ಮೇಲೆ ಬಂದೋರಿಗೆಲ್ಲ ಅವಳೇ ಹೇಳೋಕೆ ಶುರು ಮಾಡಿದ್ಲು.

ಒಂದು ಎಚ್ಚರಿಕೆ. ಅಸಲಿ ಹಳೇ ಸಾಮಾನು ಹುಡುಕೋರು ಆ ಕಾಲದ ಗಿಣಿಹಸಿರು ಬಣ್ಣದ ಬಟ್ಟೆ, ಪೇಪರ್ ಹೂವು, ಎಲೆ ಮಾಲೆ ಇವನ್ನ ಮುಟ್ಟೋಕೆ ಹೋಗ್ಬೇಡಿ. ಆಗ ಆ ಹಸಿರನ್ನ ಆರ್ಸೆನಿಕ್ ಹಾಕಿ ಮಾಡ್ತಿದ್ರು. ತಲೆಗೆ ಮುಡಿಯೋ ವಸ್ತು ಅಲ್ಲ ಅದು.

ಈಗ ಕಾರ್ಸೆಟ್, ಅಂದ್ರೆ ಒಳಗೆ ಕಡ್ಡಿ ಇಟ್ಟು ಹೊಲಿದು, ಲಾಡಿ ಎಳೆದು ಸೊಂಟ ಬಿಗಿಯೋ ಉಡುಪು. ಇದಕ್ಕೆ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ನನ್ನ ಟೈಮು, ಕಣ್ಣೀರು, ದುಡ್ಡು ಮೂರೂ ಜಾಸ್ತಿ ಹೋಗಿದ್ದು ಇಲ್ಲೇ.

ಮೊದಲು ಆನ್‌ಲೈನಲ್ಲಿ ಅಗ್ಗದ್ದು ಒಂದು ತರಿಸಿದೆ. ಫೋಟೋದಲ್ಲಿ ಚೆನ್ನಾಗೇ ಇತ್ತು. ಒಳಗೆ ಪ್ಲಾಸ್ಟಿಕ್ ಕಡ್ಡಿ. ಹಾಕ್ಕೊಂಡು ಒಂದು ಗಂಟೆ ಆಗೋದ್ರೊಳಗೆ ಮೈ ಬಿಸಿಗೆ ಕಡ್ಡಿಗಳೆಲ್ಲ ಸೊಂಟದ ಹತ್ರ ಮಡಚ್ಕೊಂಡು ಒಳಗೆ ಚುಚ್ಚೋಕೆ ಶುರು, ಒಂದ್ಸಲ ಮಡಚಿದ್ರೆ ಮತ್ತೆ ನೆಟ್ಟಗಾಗಲ್ಲ. ಆಮೇಲೆ ಕಾರ್ಸೆಟ್ ಮಾತ್ರಾನೇ ಹೊಲಿಯೋ ಒಬ್ಬ ಅಕ್ಕನ್ನ ಹುಡುಕಿದೆ. ಅವರು ಮೊದಲ ದಿನಾನೇ ಹೇಳಿದ್ರು, "ಒಂಬತ್ತು ವಾರ ಬೇಕು, ಮಧ್ಯೆ ಎರಡ್ಸಲ ಬರ್ಬೇಕು, ಅರ್ಜೆಂಟ್ ಅನ್ನೋ ಹಂಗಿಲ್ಲ." ಅಳತೆ ಹಾಳೇಲಿ 14 ಸಾಲು. ಅದರಲ್ಲಿ ನನಗೆ ಗೊತ್ತಿಲ್ದೇ ಇದ್ದಿದ್ದು ಕೂತಾಗ ತೊಗೊಳ್ಳೋ ಅಳತೆ, ಎದೆ ಕೆಳಗಿಂದ ತೊಡೆವರೆಗೂ. ನಿಂತ್ಕೊಂಡು ಮಾತ್ರ ಅಳತೆ ಕೊಟ್ರೆ ಊಟಕ್ಕೆ ಕೂತಾಗ ಕಾರ್ಸೆಟ್‌ನ ಕೆಳಗಿನ ಅಂಚು ತೊಡೆಗೆ ತಾಗಿ ಮೇಲಿನ ಅಂಚು ಗದ್ದದ ಕಡೆ ಎದ್ದು ಬರುತ್ತೆ.

ಅವರತ್ರ ಕಲಿತಿದ್ದು ಹೇಳ್ತೀನಿ. ಬಟ್ಟೆ ಕೂಟಿಲ್ ಅಂತ, ಒತ್ತಾಗಿ ನೇಯ್ದ ಹತ್ತಿ, ಎಳೆದ್ರೂ ಹಿಗ್ಗಲ್ಲ. ಪಕ್ಕೆ ಕಡೆಗೆ ಸುರುಳಿ ಸ್ಟೀಲ್ ಕಡ್ಡಿ ಹಾಕ್ತಾರೆ, ಅದು ನಾಲ್ಕೂ ಕಡೆ ಬಾಗುತ್ತೆ. ಹಿಂದೆ ಲಾಡಿ ಹೋಗೋ ತೂತುಗಳ ಅಕ್ಕಪಕ್ಕ ಚಪ್ಪಟೆ ಸ್ಟೀಲು. ಮುಂದೆ ಬಸ್ಕ್ ಅಂತ ಎರಡು ಪಟ್ಟಿ, ಒಂದರಲ್ಲಿ ಗುಬಟು ಇನ್ನೊಂದರಲ್ಲಿ ಕುಣಿಕೆ. ಬಿಚ್ಚೋವಾಗ ಹಿಂದಿನ ಲಾಡಿ ಸಡಿಲ ಮಾಡ್ದೇ ಬಸ್ಕ್‌ಗೆ ಕೈ ಹಾಕಿದ್ರೆ ಪಟ್ಟಿ ಬಾಗಿಹೋಗುತ್ತೆ, ನಾನು ಟ್ರಯಲ್‌ಗೆ ಕೊಟ್ಟಿದ್ರಲ್ಲಿ ಅದನ್ನ ಮಾಡಿ ಬೈಸ್ಕೊಂಡೆ. ಇನ್ನು ಆ ಕಾಲದ ಹೆಂಗಸರು ಪಕ್ಕೆಲುಬು ತೆಗೆಸ್ಕೊಂಡು ಸೊಂಟ ಸಣ್ಣ ಮಾಡ್ತಿದ್ರು ಅನ್ನೋದೆಲ್ಲ ಬುರುಡೆ. ನನಗೆ ಕಮ್ಮಿ ಮಾಡಿದ್ದು ಬರೀ 5 ಸೆಂಟಿಮೀಟರ್, ಅಷ್ಟಕ್ಕೇ ಆಕಾರ ಬರುತ್ತೆ. ಹಾಕ್ಕೊಂಡು ಉಸಿರು ಕಟ್ಟುತ್ತೆ, ಕೈಕಾಲು ಜೋಮು ಹಿಡಿಯುತ್ತೆ ಅಂದ್ರೆ ಸಹಿಸ್ಕೋಬೇಡಿ, ಅಳತೆ ತಪ್ಪಿದೆ ಅಂತ ಅರ್ಥ. ಕೈಗೆ ಬಂದಮೇಲೆ ಮೂರು ವಾರ ದಿನಾ ಒಂದು ಗಂಟೆ, ಆಮೇಲೆ ಎರಡು ಗಂಟೆ ಅಂತ ಮನೇಲಿ ಹಾಕ್ಕೊಂಡು ಓಡಾಡಿದೆ, ಒಳಗಡೆ ಶೆಮೀಸ್ ಅಂತ ಒಂದು ತೆಳು ಹತ್ತಿ ಒಳಂಗಿ ಹಾಕ್ಕೊಂಡು. ಪಾತ್ರೆ ತೊಳ್ದೆ, ಆಫೀಸಿನ ವಿಡಿಯೋ ಕಾಲಲ್ಲೂ ಕೂತಿದ್ದೆ, "ಇವತ್ತು ತುಂಬಾ ನೆಟ್ಟಗೆ ಕೂತಿದೀರಲ್ಲ" ಅಂದ್ರು.

ನನ್ನ ದೊಡ್ಡ ಎಡವಟ್ಟು ಇರೋದು ಇದಾದ್ಮೇಲೆ ಅಲ್ಲ, ಮುಂಚೇನೇ. ಕಾರ್ಸೆಟ್ ಬರೋಕೆ ಒಂಬತ್ತು ವಾರ ಕಾಯ್ಬೇಕಲ್ಲ, ಅಲ್ಲಿವರೆಗೂ ಸುಮ್ನೆ ಯಾಕಿರೋದು ಅಂತ ಬೇರೆ ಟೈಲರ್ ಹತ್ರ ಬಾಡಿಸ್, ಅಂದ್ರೆ ಕಾರ್ಸೆಟ್ ಮೇಲೆ ಹಾಕೋ ತೋಳಿರೋ ಮೇಲಂಗಿ, ಹೊಲಿಸ್ಬಿಟ್ಟೆ, ನನ್ನ ಮಾಮೂಲಿ ಮೈ ಅಳತೆಗೆ. ಕಾರ್ಸೆಟ್ ಹಾಕಿ ಅದರ ಮೇಲೆ ಬಾಡಿಸ್ ಹಾಕಿದ್ರೆ ಎದೆ ಹತ್ರ ಗುಂಡಿ ಸೇರಲ್ಲ, ಸೊಂಟದ ಹತ್ರ ಬುಸುಬುಸು ಗಾಳಿ. ಮೈ ಆಕಾರಾನೇ ಬೇರೆ ಆಗಿರುತ್ತಲ್ಲ. ಪೂರ್ತಿ ಬಿಚ್ಚಿ ಮತ್ತೆ ಕತ್ತರಿಸ್ಬೇಕಾಯ್ತು, ಬಟ್ಟೆ ಸಾಲದೆ ಇನ್ನೂ 3 ಮೀಟರ್ ತಂದ್ರೆ ಅದು ಬೇರೆ ಸಲ ಬಣ್ಣಕ್ಕದ್ದಿದ ಥಾನು, ಬಿಸಿಲಲ್ಲಿ ಹಿಡಿದ್ರೆ ತೋಳು ಒಂದು ನೇರಳೆ ಮೈ ಒಂದು ನೇರಳೆ. ಆವತ್ತು ರಾತ್ರಿ ಅತ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಕೊನೆಗೆ ಟೈಲರಣ್ಣನೇ "ತೋಳಿಗೆ ಪೂರಾ ಕಂದು ಲೇಸ್ ಹಾಕ್ಬಿಡೋಣ ಮೇಡಂ, ಬೇಕಂತಲೇ ಮಾಡಿದ್ದು ಅಂದ್ಕೋತಾರೆ" ಅಂದ್ರು. ಹಂಗೇ ಅಂದ್ಕೊಂಡ್ರು ಜನ.

ಅದಕ್ಕೆ ಹೊಲಿಸೋ ಕ್ರಮ ಬರ್ಕೊಳ್ಳಿ: ಶೆಮೀಸು, ಕಾರ್ಸೆಟ್ಟು, ಆಮೇಲೆ ಲಂಗ ಉಬ್ಬಿಸೋ ಪಂಜರ, ಪೆಟಿಕೋಟು, ಲಂಗ, ಕೊನೇಲಿ ಬಾಡಿಸ್. ಒಂದೊಂದರ ಅಳತೆನೂ ಅದರ ಒಳಗಿಂದು ಹಾಕ್ಕೊಂಡೇ ಕೊಡ್ಬೇಕು. ಬೂಟು ಕೂಡ ಮೊದಲೇ ಕೈಗೆ ಬಂದಿರ್ಲಿ, ಹಿಮ್ಮಡಿ ಎತ್ತರ ಗೊತ್ತಿಲ್ದೇ ಲಂಗದ ಉದ್ದ ಹೇಳೋಕಾಗಲ್ಲ.

ಪಂಜರದಲ್ಲೂ ಒಂದು ನಿರ್ಧಾರ ಇದೆ. 1856ರ ಹೊತ್ತಿಗೆ ಬಂದ ಸ್ಟೀಲ್ ಬಳೆಗಳ ಕ್ರಿನೊಲಿನ್ ಆದ್ರೆ ಲಂಗ ಸುತ್ತಲೂ ಗಂಟೆ ಥರ ನಿಲ್ಲುತ್ತೆ. 1870, 80ರ ದಶಕದ ಬಸಲ್ ಆದ್ರೆ ಮುಂದೆ ಚಪ್ಪಟೆ, ಹಿಂದೆ ಮಾತ್ರ ಉಬ್ಬು. ನಾನು ಮೊದ್ಲು ಕ್ರಿನೊಲಿನ್ ಬಾಡಿಗೆಗೆ ತಂದು ನೋಡಿದೆ, ಬಾಗಿಲಲ್ಲಿ ಹೋಗ್ಬೋದು, ಬಳೆ ಬಾಗುತ್ತೆ, ಆದ್ರೆ ಸಾಲು ಕುರ್ಚಿ ಮಧ್ಯೆ ಹೋದ್ರೆ ಎರಡೂ ಕಡೆ ಕುರ್ಚಿ ಬೀಳುತ್ತೆ, ಕೂತಾಗ ಹಿಂದಿನ ಬಳೆ ಎತ್ಕೊಳ್ದೇ ಕೂತ್ರೆ ಮುಂದಿಂದು ಮುಖಕ್ಕೇ ಹೊಡೆಯುತ್ತೆ. ಬಸಲ್‌ಗೆ ಬಂದೆ. 1880ರ ದಶಕದಲ್ಲೇ ಕೂತಾಗ ತಾನೇ ಮಡಚ್ಕೊಂಡು ಎದ್ದಾಗ ಬಿಚ್ಕೊಳ್ಳೋ ಬಸಲ್ ಮಾರ್ತಿದ್ರು ಅಂತ ಗೊತ್ತಾಗಿ ನಮ್ ಹುಡುಗ ಸ್ಟೀಲ್ ಪಟ್ಟಿ, ರಿವೆಟ್ಟು ತಂದು ಒಂದು ಮಾಡೇಬಿಟ್ಟ. ಮೂರನೇ ಪ್ರಯತ್ನಕ್ಕೆ ಕೆಲ್ಸ ಮಾಡ್ತು. ಇಡೀ ಮದುವೇಲಿ ನಿಜವಾಗ್ಲೂ ಅಲ್ಲಾಡೋ ಯಂತ್ರ ಅಂದ್ರೆ ಅದೇ, ಅದೂ ಯಾರ ಕಣ್ಣಿಗೂ ಕಾಣಲ್ಲ.

ಅವನ ಬಟ್ಟೆ ಕಥೆ ಎರಡೇ ಸಾಲು. ಹಳೇ ಉದ್ದ ಕೋಟು ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು, ವೇಸ್ಟ್‌ಕೋಟ್ ಹೊಲಿಸಿದ್ವಿ, ಟಾಪ್ ಹ್ಯಾಟ್ ತಂದ್ವಿ. ಟೋಪಿ ಕೊಳ್ಳೋಕೆ ಮುಂಚೆ ತಲೆ ಸುತ್ತಳತೆ ಟೇಪಲ್ಲಿ ಅಳೀರಿ, ಕಣ್ಣಳತೆ ನಂಬ್ಬೇಡಿ. ಪಾಕೆಟ್ ವಾಚಿನ ಚೈನಿಗೆ ಆಲ್ಬರ್ಟ್ ಚೈನ್ ಅಂತಾನೇ ಹೆಸರು, ಅದರ ತುದಿಯ ಅಡ್ಡ ಕಡ್ಡೀನ ವೇಸ್ಟ್‌ಕೋಟಿನ ಗುಂಡಿ ತೂತಲ್ಲಿ ತೂರಿಸ್ಬೇಕು, ಪಿನ್ ಹಾಕಿ ಸಿಕ್ಕಿಸೋದಲ್ಲ.

ವಾಚು ಅಂದಾಗ ನೆನಪಾಯ್ತು, ಇದು ಮುಖ್ಯ. ಅಲಂಕಾರಕ್ಕೆ ಹಾಳಾದ ಹಳೇ ವಾಚು ಬಿಚ್ಚಿ ಚಕ್ರ ತೆಗಿಯೋದು ಎಲ್ಲರೂ ಮಾಡ್ತಾರೆ. ಕಳೆದ ಶತಮಾನದ ಮೊದಲರ್ಧದ ವಾಚುಗಳಲ್ಲಿ ಕತ್ತಲಲ್ಲಿ ಹೊಳೀಲಿ ಅಂತ ಮುಳ್ಳಿಗೂ ಅಂಕಿಗೂ ವಿಕಿರಣ ಸೂಸೋ ರೇಡಿಯಂ ಪೇಂಟ್ ಬಳೀತಿದ್ರು. ಈಗ ಅದು ಹೊಳೆಯಲ್ಲ, ಹೊಳೆಯೋ ವಸ್ತು ಸತ್ತಿರುತ್ತೆ, ಆದ್ರೆ ರೇಡಿಯಂ ಹಂಗೇ ಇರುತ್ತೆ, ಅದು ಅರ್ಧ ಆಗೋಕೇ 1600 ವರ್ಷ ಬೇಕು. ಕೆರೆದ್ರೆ ಆ ಪುಡಿ ಉಸಿರಲ್ಲಿ ಹೋಗುತ್ತೆ. ಕಂದು ತಿರುಗಿದ ದಪ್ಪ ಪೇಂಟ್ ಇರೋ ಡಯಲ್ ಕಂಡ್ರೆ ಬಿಚ್ಚೋಕೆ ಹೋಗ್ಬೇಡಿ. ನಮ್ ಹುಡುಗ ಅಂಥ ಎರಡನ್ನ ಅಡುಗೆಮನೆ ಮೇಜಿನ ಮೇಲೆ ಇಟ್ಕೊಂಡು ಸ್ಕ್ರೂಡ್ರೈವರ್ ಹಿಡಿದಿದ್ದ, ನಾನು ಕಿರುಚಿದ್ದಕ್ಕೆ ಬಿಟ್ಟ. ಇನ್ನು ಅಗ್ಗದ ಚಕ್ರಗಳಲ್ಲಿ ನಿಕಲ್ ಇರುತ್ತೆ, ನಾದಿನಿಗೆ ಕತ್ತಿನ ಸುತ್ತ ಎರಡೇ ಗಂಟೇಲಿ ಕೆಂಪು ದದ್ದು ಬಂತು. ಮೈಗೆ ತಾಗೋ ಕಡೆ ಹಿಂದೆ ಬಟ್ಟೆ ಅಂಟಿಸಿ.

ಈಗ ಬಂದೂಕಿನ ಕಥೆ. ಬೇರೆ ದೇಶದಿಂದ ಗಾಗಲ್ಸ್ ಜೊತೆ ಒಂದು ಆಟದ ರೇ ಗನ್ (ಕಥೆಗಳಲ್ಲಿ ಬರೋ, ಕಿರಣ ಬಿಡೋ ಬಂದೂಕು) ಆರ್ಡರ್ ಮಾಡಿದ್ವಿ ಅಂದ್ನಲ್ಲ, ಕ್ಯಾನ್ಸಲ್ ಮಾಡೋಷ್ಟರಲ್ಲಿ ಹೊರಟುಬಿಟ್ಟಿತ್ತು. ಮಾರಿದೋನು ಪಾರ್ಸೆಲ್ ಮೇಲೆ ಬರೆದಿದ್ದು "ಗನ್, 1". ಅಷ್ಟೇ. ಸ್ಕ್ಯಾನರಲ್ಲಿ ನೋಡಿದೋರಿಗೆ ಕಂಡಿದ್ದು ಒಂದು ಕೊಳವೆ, ಒಂದು ಟ್ರಿಗರು, ಒಂದಿಷ್ಟು ವೈರು. 23 ದಿನ ಕಸ್ಟಮ್ಸಲ್ಲಿ ಕೂತಿತ್ತು. ಬಿಲ್ ಕೊಡಿ ಅಂದ್ರು, ಕೊಟ್ವಿ. ದುಡ್ಡು ಕಟ್ಟಿದ ದಾಖಲೆ, ಗುರುತಿನ ಚೀಟಿ, ವಸ್ತುವಿನ ಎಲ್ಲಾ ಕಡೆಯಿಂದ ಫೋಟೋ, ಆಮೇಲೆ ಇದು ಯಾವ ಉದ್ದೇಶಕ್ಕೆ ಅಂತ ಸಹಿ ಮಾಡಿದ ಪತ್ರ. ನಾನು ಜೀವನದಲ್ಲಿ ಬರೆದ ಅತಿ ವಿಚಿತ್ರ ಪತ್ರ ಅದು: "ಇದರಿಂದ ಗುಂಡು ಹಾರುವುದಿಲ್ಲ, ಬೇರೆ ಏನೂ ಹಾರುವುದಿಲ್ಲ, ಒಳಗಿರುವುದು ಒಂದು ಎಲ್‌ಇಡಿ ದೀಪ, ಉದ್ದೇಶ ಮದುವೆ." ದಿನಾ ಬೆಳಗ್ಗೆ ಎದ್ದು ಟ್ರ್ಯಾಕಿಂಗ್ ನೋಡೋದು, ಅದೇ ಸಾಲು. ಕೊನೆಗೆ ಬಿಟ್ರು, ಸುಂಕ ಮತ್ತೆ ಗೋದಾಮಿನ ಬಾಡಿಗೆ ಸೇರಿ ವಸ್ತುವಿನ ಬೆಲೆಗಿಂತ ಜಾಸ್ತಿ ಆಯ್ತು, ಅದೂ ಬೇಡದ ವಸ್ತುಗೆ! ಹೊರಗಿಂದ ತರಿಸೋರು ಮಾರೋನಿಗೆ ಮೊದಲೇ ಹೇಳಿ, ಅದು ಏನು ಅಂತ ಪೂರ್ತಿ ಬರೀಲಿ, ಪ್ಲಾಸ್ಟಿಕ್, ವೇಷದ ಆಟಿಕೆ, ಬ್ಯಾಟರಿ ಇಲ್ಲ ಅಂತೆಲ್ಲ. ವಿಮಾನದಲ್ಲಿ ಬರೋ ನೆಂಟರಿಗೂ ಹೇಳಿ, ಬಂದೂಕಿನ ಥರ ಕಾಣೋ ಯಾವ್ದನ್ನೂ ಕ್ಯಾಬಿನ್ ಬ್ಯಾಗಲ್ಲಿ ಇಡ್ಬಾರ್ದು ಅಂತ.

ಜಾಗ ಮಾತ್ರ ಬೇಗ ಸಿಕ್ತು. ಹಳೇ ಗೋದಾಮು, ಇಟ್ಟಿಗೆ ಗೋಡೆ, ಎರಕದ ಕಬ್ಬಿಣದ ಕಂಬ, ಎತ್ತರದ ಕಿಟಕಿ. ನೋಡಿದ ತಕ್ಷಣ ಇಬ್ರೂ ಮುಖ ನೋಡ್ಕೊಂಡ್ವಿ. ಅಡ್ವಾನ್ಸ್ ಕೊಟ್ಟು 14 ಪುಟದ ಒಪ್ಪಂದಕ್ಕೆ ಸಹಿ ಹಾಕಿ, ಬರ್ತಾ ದಾರೀಲೇ ಫಾಗ್ ಮಶೀನ್ ಆರ್ಡರ್ ಮಾಡಿದ್ವಿ. ಒಂಬತ್ತನೇ ಪುಟ ಓದಿದ್ದು ಎರಡು ತಿಂಗಳಾದ್ಮೇಲೆ. ಹೊಗೆ, ಮಂಜು ಮಾಡೋ ಯಾವ ಯಂತ್ರಾನೂ ಇಲ್ಲ. ತೆರೆದ ಬೆಂಕಿ ಇಲ್ಲ. ಗೋಡೆಗೆ ಮೊಳೆ, ಟೇಪು ಇಲ್ಲ. ತೊಲೆಯಿಂದ ಏನಾದ್ರೂ ನೇತು ಹಾಕ್ಬೇಕಾದ್ರೆ ತೂಕ, ಕೇಬಲ್ ಯಾವುದು, ನಕ್ಷೆ, ಜವಾಬ್ದಾರಿ ಪತ್ರ ಎಲ್ಲಾ ಮೂರು ವಾರ ಮುಂಚೆ ಕೊಡ್ಬೇಕು. ಮೇಲಿಂದ ನೇತು ಹಾಕೋಣ ಅಂದ್ಕೊಂಡಿದ್ದ ನಮ್ಮ 3 ಮೀಟರ್ ಉದ್ದದ ಹಾರೋ ಹಡಗಿನ ಮಾದರಿ ಅಲ್ಲೇ ನೆಲಕ್ಕಿಳೀತು, ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ವಿ.

ಮಂಜಿನ ವಿಷ್ಯಕ್ಕೆ ಮ್ಯಾನೇಜರ್ ಹತ್ರ ಹೋಗಿ ಗೋಗರೆದೆ. ಅವರು ತಾಳ್ಮೆಯಿಂದ ಹೇಳಿದ್ರು, ಚಾವಣೀಲಿರೋ ಹೊಗೆ ಪತ್ತೆ ಸಾಧನ ಬೆಳಕು ಚದುರೋದನ್ನ ನೋಡುತ್ತೆ, ಅದಕ್ಕೆ ಹೊಗೆ ಯಾವ್ದು ಮಂಜು ಯಾವ್ದು ಗೊತ್ತಾಗಲ್ಲ, ಅಲಾರಂ ಹೊಡೆದ್ರೆ ಅಷ್ಟೂ ಜನ ಹೊರಗೆ, ಅಗ್ನಿಶಾಮಕದೋರು ಒಳಗೆ. ಡ್ರೈ ಐಸ್ ಆದ್ರೆ? ಅದು ಮೈನಸ್ 78 ಡಿಗ್ರಿ, ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡುತ್ತೆ, ಆವಿಯಾಗಿ ಬರೋ ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತೆ, ಅಲ್ಲಿ ಆಡ್ತಿರೋರು ಮಕ್ಕಳು. ಬೇಡ ಅನ್ಸ್ತು. ಮನೇಲಿ ಮುಖ ಸಣ್ಣ ಮಾಡ್ಕೊಂಡು ಕೂತಿದ್ದಾಗ ಅಜ್ಜಿ, "ಹಬೆ ಬೇಕು ಅಂದ್ರೆ ನೀರು ಕಾಯ್ಸ್ರೇ" ಅಂದ್ರು. ಅಷ್ಟೇ ವಿಷ್ಯ! ದೊಡ್ಡ ತಾಮ್ರದ ಟೀ ಬಾಯ್ಲರ್ ಒಂದನ್ನ ಬಾಡಿಗೆಗೆ ತಂದು ಹಾಲ್ ಪಕ್ಕದ ಅಂಗಳದಲ್ಲಿ ಇಟ್ವಿ, ಅದಕ್ಕೊಂದು ಪ್ರೆಶರ್ ಗೇಜು, ಪಕ್ಕದಲ್ಲಿ ನಲ್ಲಿ. ಆ ಹಬೆ ಮುಂದೆ ನಿಂತು ಫೋಟೋ ತೆಗೆಸ್ಕೊಳ್ದೇ ಹೋದೋರಿಲ್ಲ. ಇಡೀ ಸ್ಟೀಮ್‌ಪಂಕ್ ಮದುವೇಲಿ ಇದ್ದ ಒಂದೇ ಅಸಲಿ ಸ್ಟೀಮು ಟೀದು.

ಆಮಂತ್ರಣ ಪತ್ರ. ಟೆಲಿಗ್ರಾಂ ಥರ ಇರ್ಲಿ, ಕೆಳಗೆ ತಾರೀಖನ್ನ ಮೋರ್ಸ್ ಸಂಕೇತದಲ್ಲಿ ಹಾಕೋಣ ಅಂತ ನಂದೇ ಐಡಿಯಾ. ಚುಕ್ಕೆ ಗೆರೆ ಟೈಪ್ ಮಾಡಿ ಪ್ರಿಂಟಿಗೆ ಕೊಟ್ಟೆ. ನಮ್ಮ ತಾರೀಖು 17. ಮೋರ್ಸಲ್ಲಿ ಏಳು ಅಂದ್ರೆ ಎರಡು ಗೆರೆ, ಮೂರು ಚುಕ್ಕೆ. ಕಂಪ್ಯೂಟರ್ ಏನು ಮಾಡಿತ್ತು ಅಂದ್ರೆ ಬರೀ ಎರಡೇ ಗೆರೆ ಪಕ್ಕಪಕ್ಕ ಕಂಡಾಗ ತಾನೇ ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಟ್ಟಿತ್ತು. ಒಂದು ಗೆರೆ ಮೂರು ಚುಕ್ಕೆ ಅಂದ್ರೆ ಇಂಗ್ಲಿಷ್ ಅಕ್ಷರ ಬಿ. 120 ಪತ್ರ ಅಚ್ಚಾಗಿ ಹೋದ್ಮೇಲೆ ಹಡಗಲ್ಲಿ ರೇಡಿಯೋ ಕೆಲ್ಸ ಮಾಡಿ ರಿಟೈರ್ ಆಗಿರೋ ದೊಡ್ಡಪ್ಪ ಫೋನ್ ಮಾಡಿ, "ಏನಮ್ಮ, ಒಂದು ಬಿ ನೇ ತಾರೀಖು ಮದುವೆನಾ?" ಅಂದ್ರು. ಮೇಲ್ಗಡೆ ಅಕ್ಷರದಲ್ಲಿ ತಾರೀಖು ಸರಿಯಾಗೇ ಇತ್ತು, ಹಂಗಾಗಿ ಬಚಾವ್. ಅರಗಿನ ಮುದ್ರೆ ಹಾಕೋರು ಇನ್ನೊಂದು ಗಮನಿಸಿ, ಅಂಚೆ ಯಂತ್ರದಲ್ಲಿ ಅದು ಪುಡಿಪುಡಿ ಆಗುತ್ತೆ, ಹೊರಗಡೆ ಇನ್ನೊಂದು ಲಕೋಟೆ ಹಾಕಿ. ನಾವು ಮೊದಲ ಹತ್ತನ್ನ ಹಂಗೇ ಕಳ್ಸಿ ತಲುಪಿದ್ದು ಬರೀ ಕೆಂಪು ಚೂರು.

ಬಂದೋರಿಗೆ ಡ್ರೆಸ್ ಕೋಡ್ ಅಂತ ಕಡ್ಡಾಯ ಮಾಡ್ಲಿಲ್ಲ. ಕಂದು, ಕಪ್ಪು, ಕೆನೆ ಬಣ್ಣದ್ದು ಏನಾದ್ರೂ ಹಾಕ್ಕೊಳ್ಳಿ, ಜೊತೆಗೆ ಒಂದೇ ಒಂದು ಲೋಹದ ವಸ್ತು ಅಂತ ಬರೆದಿದ್ವಿ. ಬಾಗಿಲಲ್ಲಿ ಒಂದು ಪೆಟ್ಟಿಗೆ ತುಂಬ ಪುಟ್ಟ ಟೋಪಿ, ಚೈನು ಇಟ್ಟಿದ್ವಿ. ದುಡ್ಡು ಕೊಟ್ಟು ಪೂರಾ ವೇಷ ಬಾಡಿಗೆಗೆ ತಂದೋರಿಗಿಂತ, ಗ್ಯಾರೇಜಿಂದ ನಿಜವಾದ ಸ್ಪ್ಯಾನರ್ ತಂದು ಬೆಲ್ಟಿಗೆ ಸಿಕ್ಕಿಸ್ಕೊಂಡು ಬಂದ ಸೋದರಮಾವ ಚೆನ್ನಾಗಿ ಕಂಡ್ರು. ಕೇಕ್ ಮೇಲಿನ ಚಕ್ರಗಳಿಗೆ ಬಂಗಾರದ ಪುಡಿ ಬಳಿಯೋ ಮುಂಚೆ ಡಬ್ಬಿ ಓದಿ. ನಾನ್ ಟಾಕ್ಸಿಕ್ ಅಂತ ಇದ್ರೆ ತಿನ್ಬೋದು ಅಂತ ಅಲ್ಲ, ತಿನ್ನೋಕೆ ಯೋಗ್ಯ ಅಂತ ಬೇರೆ ಬರೆದಿರ್ಬೇಕು, ಏನೇನು ಹಾಕಿದಾರೆ ಅಂತ ಪಟ್ಟಿ ಇರ್ಬೇಕು. ನಮ್ಮ ಕೇಕಿನೋರು ತಂದಿದ್ದ ಡಬ್ಬೀಲಿ ಆ ಪಟ್ಟಿ ಇರ್ಲಿಲ್ಲ, ಬದಲಾಯಿಸ್ಸಿದ್ವಿ.

ಮದುವೆಗೆ ಎರಡು ದಿನ ಇದ್ದಾಗ ಆದ ಅನಾಹುತ. ವೇದಿಕೆ ಹಿಂದೆ ಇಡೋಕೆ ಅಂತ ದೊಡ್ಡ ಗಡಿಯಾರದ ಮುಖ, ಹಲ್ಲುಚಕ್ರ ಎಲ್ಲಾ 3ಡಿ ಪ್ರಿಂಟ್ ಮಾಡಿಸಿದ್ವಿ, ಪ್ರಿಂಟಿಗೇ ಆರು ದಿನ, ಕಪ್ಪು ಬಳಿದು ಮೇಲೆ ಒಣ ಬ್ರಶ್ಶಲ್ಲಿ ಹಿತ್ತಾಳೆ ಬಣ್ಣ ಸವರಿ ಹಳೇದರ ಥರ ಮಾಡೋಕೆ ಇನ್ನೆರಡು ದಿನ. ನಮ್ ಹುಡುಗ ಅದನ್ನ ಕಾರಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಹೋದ. ಪಿಎಲ್‌ಎ ಅನ್ನೋ ಆ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗುತ್ತೆ, ಮುಚ್ಚಿದ ಕಾರಲ್ಲಿ ಕಿಟಕಿ ಪಕ್ಕ ಅಷ್ಟು ಬಿಸಿ ಆಗೋದು ದೊಡ್ಡ ವಿಷ್ಯ ಅಲ್ಲ. ವಾಪಸ್ ಬಂದು ನೋಡಿದ್ರೆ ಗಡಿಯಾರ ಹಪ್ಪಳದ ಥರ ಬಾಗಿದೆ. ಇವನು ಏನೂ ಮಾತಾಡ್ದೇ ಹತ್ತು ನಿಮಿಷ ಕಾರಿನ ಪಕ್ಕ ನಿಂತಿದ್ದ. "ಬಿಡೋ, ಫೋಮ್ ಶೀಟಲ್ಲಿ ಮಾಡ್ಬಿಡೋಣ" ಅಂದೆ. ರಾತ್ರಿ ಮೂರರ ತನಕ ಇವಿಎ ಫೋಮ್ ಕತ್ತರಿಸಿ, ಹೀಟ್ ಗನ್ನಲ್ಲಿ ಕಾಯಿಸಿ, ಅದೇ ಬಣ್ಣ ಬಳಿದ್ವಿ. ಹತ್ತು ಅಡಿ ದೂರದಿಂದ ವ್ಯತ್ಯಾಸ ಗೊತ್ತಾಗ್ಲಿಲ್ಲ, ತೂಕ ಕಾಲು ಭಾಗ, ಖರ್ಚಂತೂ ಹೇಳ್ಲೇಬೇಡಿ. ಮೊದಲೇ ಮಾಡ್ಬೋದಿತ್ತು.

ಮದುವೆ ದಿನ ಬಟ್ಟೆ ಹಾಕ್ಕೊಳ್ಳೋಕೆ ಒಂದು ಗಂಟೆ ನಲವತ್ತು ನಿಮಿಷ ಬೇಕಾಯ್ತು. ಬೂಟ್ ಮೊದಲು ಹಾಕ್ಕೊಳ್ಳಿ! ಕಾರ್ಸೆಟ್ ಹಾಕಿದ್ಮೇಲೆ ಬಗ್ಗೋಕಾಗಲ್ಲ, ಬೇರೆಯೋರು ಮಂಡಿ ಊರಿ ಬೂಟಿನ ಲೇಸ್ ಕಟ್ಬೇಕಾಗುತ್ತೆ. ಅಮ್ಮ ಕಾರ್ಸೆಟ್ ಲಾಡಿ ಎಳೆದ್ಲು, ಮೇಲಿಂದ ಸ್ವಲ್ಪ ಕೆಳಗಿಂದ ಸ್ವಲ್ಪ, ಸೊಂಟದ ಹತ್ರ ಕೂಡಿಸಿ ಕಟ್ಟೋದು, ನಾಲ್ಕು ಸಲ ಅಭ್ಯಾಸ ಮಾಡಿಸಿದ್ದೆ. ಎಳೀತಾ ಎಳೀತಾ "ನೋವಾಗುತ್ತೇನೇ" ಅಂತ ಕೇಳಿದ್ಲು, ಇಲ್ಲ ಅಂದೆ, ಆಮೇಲೆ ಅವಳ ಕಣ್ಣಲ್ಲಿ ನೀರು, ಕನ್ನಡಿಯಲ್ಲಿ ನೋಡಿ ನಂಗೂ, ಮೇಕಪ್ ಮಾಡೋ ಹುಡುಗಿ "ಅಯ್ಯೋ ಬೇಡ್ರಿ, ಈಗ್ಲೇ ಬೇಡ್ರಿ" ಅಂತ ಟಿಶ್ಯೂ ಹಿಡ್ಕೊಂಡು ಓಡಿ ಬಂದ್ಲು.

ಟಾಯ್ಲೆಟ್ ವಿಷ್ಯ ಹೇಳ್ತೀನಿ ಅಂದಿದ್ದೆ. ವಿಕ್ಟೋರಿಯನ್ ಹೆಂಗಸರ ಒಳ ಚಡ್ಡಿ ಮಧ್ಯದಲ್ಲಿ ಹೊಲಿಗೆ ಇಲ್ದೇ ತೆರೆದಿರ್ತಿತ್ತು, ಎರಡು ಕಾಲು ಬೇರೆ ಬೇರೆ, ಸೊಂಟದಲ್ಲಿ ಮಾತ್ರ ಒಂದೇ ಪಟ್ಟಿ. ಓದಿದಾಗ ನಕ್ಕಿದ್ದೆ, ಆಮೇಲೆ ಗೊತ್ತಾಯ್ತು ಅದೇ ಬುದ್ಧಿವಂತಿಕೆ, ಕಾರ್ಸೆಟ್ ಕೆಳಗಿರೋ ಚಡ್ಡೀನ ಎಳ್ಕೊಳ್ಳೋಕೆ ಸಾಧ್ಯಾನೇ ಇಲ್ಲ. ಹಂಗೇ ಒಂದು ಹೊಲಿಸ್ಕೊಂಡೆ. ಇಲ್ಲಾಂದ್ರೆ ಒಳಬಟ್ಟೇನ ಕಾರ್ಸೆಟ್ ಮೇಲೆ ಹಾಕ್ಕೊಳ್ಳಿ, ಕೆಳಗೆ ಬೇಡ. ಲಂಗ ಎತ್ತಿ ಹಿಡಿಯೋಕೆ ಒಬ್ಬ ಗೆಳತಿ ಬೇಕೇ ಬೇಕು, ಮೊದಲೇ ಮಾತಾಡಿಟ್ಕೊಳ್ಳಿ. ಸೊಂಟಕ್ಕೆ ಷಾಟಲೇನ್ ಅಂತ, ಆ ಕಾಲದ ಹೆಂಗಸರು ಬೀಗದಕೈ, ಕತ್ತರಿ, ಸೂಜಿ ಡಬ್ಬಿ ನೇತುಹಾಕ್ಕೊಳ್ತಿದ್ದ ಕೊಂಡಿ, ಅದನ್ನ ಹಾಕ್ಕೊಂಡಿದ್ದೆ. ಅದರಲ್ಲಿ ಸೇಫ್ಟಿ ಪಿನ್, ಪುಟ್ಟ ಕತ್ತರಿ, ದಿಕ್ಸೂಚಿ, ಲಿಪ್‌ಸ್ಟಿಕ್. ಇಡೀ ವೇಷದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಅದೇ, ಸಂಜೆ ಹೊತ್ತಿಗೆ ಕಂಡ ಕಂಡೋರೆಲ್ಲ ಪಿನ್ ಕೇಳ್ಕೊಂಡು ನನ್ನ ಸೊಂಟಕ್ಕೇ ಬರ್ತಿದ್ರು.

ನೋಂದಣಿ ಅಧಿಕಾರಿ ಇವನನ್ನ ನೋಡಿ ಟೋಪಿ, ಗಾಗಲ್ಸ್ ಎರಡೂ ತೆಗೀರಿ, ಗುರುತಿನ ಚೀಟಿ ಫೋಟೋ ಜೊತೆ ಮುಖ ಹೋಲಿಸ್ಬೇಕು ಅಂದ್ರು. ತೆಗೆದ್ರೆ ಗಾಗಲ್ಸ್ ರಬ್ಬರಿನ ಅಚ್ಚು ಹಣೆ ಮೇಲೆ ಎರಡು ದುಂಡಗೆ ಕೂತಿತ್ತು, ದಾಖಲೆ ಫೋಟೋದಲ್ಲಿ ಹಂಗೇ ಇದೆ. ಸಹಿ ಹಾಕೋಕೆ ಅಂತ ಶಾಯಿ ಪೆನ್ನು, ಗರಿ ಎಲ್ಲಾ ತಂದಿದ್ವಿ, ನನ್ನ ಲೇಸ್ ಕೈಗವಸಿಗೆ ಶಾಯಿ ಮೆತ್ಕೊಂಡು ಮಾಮೂಲಿ ಬಾಲ್ ಪೆನ್ನಲ್ಲೇ ಮುಗಿಸಿದ್ವಿ. ಅವನ ಪಾಕೆಟ್ ವಾಚು ಕೀಲಿ ಕೊಡೋಕೆ ಮರೆತು ಹಿಂದಿನ ರಾತ್ರಿಯೇ ನಿಂತಿತ್ತು. ಗಡಿಯಾರ ರಿಪೇರಿಯವನು ಬೇರೆ.

ಖರ್ಚಿನ ಲೆಕ್ಕ ಕೇಳ್ತಾರೆ ಎಲ್ರೂ. ಒಟ್ಟು ನೂರು ಅಂತ ಇಟ್ಕೊಂಡ್ರೆ ಬಟ್ಟೆಗೆ 38 ಹೋಯ್ತು, ಅದರಲ್ಲಿ ಮತ್ತೆ ಕತ್ತರಿಸಿ ಹೊಲಿಸಿದ್ದೇ 9. ಜಾಗಕ್ಕೆ 25, ಊಟಕ್ಕೆ 20, ಅಲಂಕಾರಕ್ಕೆ 12, ಉಳಿದಿದ್ದು ಸುಂಕ, ಅಂಚೆ, ಪ್ರಿಂಟು, ಗ್ಲೂ ಕಡ್ಡಿ. ಅಂದ್ಕೊಂಡಿದ್ದಕ್ಕಿಂತ ಐದನೇ ಒಂದು ಭಾಗ ಜಾಸ್ತಿ ಆಯ್ತು. ಅಗ್ಗದ ಕಾರ್ಸೆಟ್ಟು, ಮೊದಲ ತಿಂಗಳ ಚಕ್ರಗಳು, ರೇ ಗನ್ನು, ಬಾಗಿದ ಗಡಿಯಾರ ಇವನ್ನ ಬಿಟ್ಟಿದ್ರೆ ಬಜೆಟ್ ಒಳಗೇ ಮುಗೀತಿತ್ತು.

ಮುಗಿದ್ಮೇಲಿನ ಕೆಲ್ಸ ಯಾರೂ ಹೇಳಲ್ಲ. ಲಂಗ ಎತ್ತಿಡೋ ಮುಂಚೆ ಹಿತ್ತಾಳೆ, ತಾಮ್ರದ್ದು ಒಂದೊಂದೂ ಕಿತ್ತು ತೆಗೀರಿ, ಹಂಗೇ ಮಡಚಿಟ್ರೆ ಬೆವರಿನ ಉಪ್ಪಿಗೆ ಲೋಹ ಹಸಿರು ತಿರುಗಿ ಬಟ್ಟೆಗೆ ಕಲೆ ಹಿಡಿಯುತ್ತೆ. ಆಮ್ಲ ಇಲ್ಲದ ತೆಳು ಕಾಗದ ಮಧ್ಯೆ ಇಟ್ಟು ಸುತ್ತಿ, ಪ್ಲಾಸ್ಟಿಕ್ ಕವರ್ ಬೇಡ. ಕಾರ್ಸೆಟ್ ಒಗೀಬೇಡಿ, ಸ್ಟೀಲು ತುಕ್ಕು ಹಿಡಿಯುತ್ತೆ, ಗಾಳಿಗೆ ಹರಡಿ ಸಾಕು. ಬಾಡಿಗೆ ಬಾಯ್ಲರ್ ವಾಪಸ್ ಹೋಯ್ತು, ಗೋದಾಮಿನ ಡೆಪಾಸಿಟ್ ಹದಿನೈದು ದಿನಕ್ಕೆ ಬಂತು, ಹಡಗಿನ ಸ್ಟ್ಯಾಂಡ್ ನೆಲ ಗೀರಿದ್ದಕ್ಕೆ ಸ್ವಲ್ಪ ಕಡಿತ. ಅಜ್ಜಿ ಗಾಗಲ್ಸ್ ಹಾಕ್ಕೊಂಡು ಈರುಳ್ಳಿ ಹೆಚ್ತಾರೆ, ಕಣ್ಣು ಉರಿಯಲ್ವಂತೆ. ಫಾಗ್ ಮಶೀನ್ ಇನ್ನೂ ಡಬ್ಬ ಒಡೆಯದೇ ಮಂಚದ ಕೆಳಗಿದೆ.